ದೂರಿಲ್ಲದ ಮೇಜು

ಮೇ ತಿಂಗಳ ಎರಡನೆಯ ವಾರ. ಹೊಗೆಸೊಪ್ಪಿನ ಸಸಿ ನೆಡುವ ಕೆಲಸ ಶುರುವಾಗಿ ನಾಲ್ಕು ದಿನವಾಗಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ನಾಟಿಯಂತ್ರದಲ್ಲಿ ನೆಲಕ್ಕೆ ತಾಗುವಷ್ಟು ತಗ್ಗಿನ ಎರಡು ಸೀಟುಗಳಿವೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹ್ಯೂಬರ್ಟ್. ಟ್ರ್ಯಾಕ್ಟರ್ ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಈಗ ಜಮೀನು ನೋಡಿಕೊಳ್ಳುವವನೂ ಅವನೇ. ಯಂತ್ರದ ಬೆರಳುಗಳಿಗೆ ಒಂದೊಂದೇ ಸಸಿ ಕೊಡುತ್ತ ಹೋಗಬೇಕು. ಕೈ ತಪ್ಪಿದರೆ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ. ಹ್ಯೂಬರ್ಟ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಸಾಲಿನಲ್ಲಿ ಖಾಲಿ ಜಾಗ ಹೆಚ್ಚು, ಬಾಯಲ್ಲಿ ಮಾತು ಹೆಚ್ಚು.

ಹನ್ನೊಂದೂವರೆಗೆ ಕೆಲಸ ನಿಲ್ಲಿಸಿ, ಕೈಗೆ ಅಂಟಿದ ಮಣ್ಣು ತೊಳೆದು, ಹ್ಯೂಬರ್ಟನ ಗಾಡಿಯಲ್ಲಿ ವೇಥನ್ ಹೋಟೆಲಿಗೆ ಹೊರಟೆವು. ಹೋಟೆಲು ಇರುವುದು ನಮ್ಮ ಹೊಲದಿಂದ ಎರಡು ಮೈಲಿ, ಒಹಾಯೋ ನದಿಯ ಕಡೆ ಇಳಿಯುವ ರಸ್ತೆಯಲ್ಲಿ. ಗಾಳಿ ಆ ಕಡೆಯಿಂದ ಬೀಸಿದ ದಿನ ಹಿಕರಿ ಸೌದೆಯ ಹೊಗೆ ಹೊಲದವರೆಗೂ ಬರುತ್ತದೆ. ಆಗ ಗಡಿಯಾರ ನೋಡುವ ಕೆಲಸವಿಲ್ಲ.

ಬರ್ನಾರ್ಡ್ ವೇಥನ್ ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಕುರಿಮಾಂಸ ಸುಡುತ್ತಿದ್ದಾನೆ. ಬೇರೆ ಕಡೆಯವರು ಹಂದಿ ಸುಡುತ್ತಾರೆ, ದನ ಸುಡುತ್ತಾರೆ. ಕೆಂಟಕಿಯ ಈ ಮೂಲೆಯಲ್ಲಿ ಮಾತ್ರ ಕುರಿ, ಅದೂ ಮುದಿ ಕುರಿ. ಹಿತ್ತಲಿನಲ್ಲಿ ಎದೆಮಟ್ಟದ ಇಟ್ಟಿಗೆ ಒಲೆ. ಅದರ ಕೆಂಡದ ಮೇಲೆ ಮಾಂಸವನ್ನು ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಮಲಗಿಸಿ, ವಿನೆಗರ್ ಮತ್ತು ಕರಿಮೆಣಸಿನ ಕಪ್ಪು ಸಾರನ್ನು ಗಂಟೆಗೊಮ್ಮೆ ಬಳಿಯುತ್ತಾನೆ. ಕೊಬ್ಬು ಕೆಂಡಕ್ಕೆ ಸುರಿದು ಹೊಗೆ ಕಪ್ಪಾಗುವುದನ್ನು ಮೊದಲು ಹೇಳುವುದು ಮೂಗು. ಬರ್ನಾರ್ಡ್ ಮುಂದಿನ ಕೋಣೆಯಲ್ಲಿ ಕಾಫಿ ಸುರಿಯುತ್ತಿದ್ದರೂ ಒಮ್ಮೆ ತಲೆ ಎತ್ತಿ, ಮಾತು ಅರ್ಧಕ್ಕೆ ಬಿಟ್ಟು, ಹಿಂದೆ ಓಡಿ ಕೆಂಡ ಸರಿಸಿ ಬರುತ್ತಿದ್ದ. ನಾವು ಅದನ್ನು ನೂರು ಸಲ ನೋಡಿದ್ದೆವು.

ಕಿಟಕಿಯ ಪಕ್ಕದ ಮೇಜು ನಮ್ಮದು. ಗೋಡೆಯ ಮೊಳೆಗಳಿಗೆ ನಮ್ಮ ನಮ್ಮ ಕಾಫಿ ಮಗ್ಗುಗಳು ತೂಗುತ್ತಿರುತ್ತವೆ. ನಾನು, ಹ್ಯೂಬರ್ಟ್, ಮತ್ತೆ ಓಜೆಲ್ಲಾ. ಓಜೆಲ್ಲಾ ಈ ಭಾಗದ ಹಳ್ಳಿಗಳಿಗೆಲ್ಲ ಅಂಚೆ ಹಂಚಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಅಡುಗೆಗೆ ಉಪ್ಪಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಆ ಮೇಜಿಗೆ ಒಂದು ಪದ್ಧತಿ ಇತ್ತು. ಕುಳಿತವರು ದೂರಬೇಕು. ಬೀನ್ಸು ನೀರಾಗಿದೆ, ಬ್ರೆಡ್ಡು ನಿನ್ನೆಯದು, ಈರುಳ್ಳಿ ಕಾಗದದಷ್ಟು ತೆಳ್ಳಗಿದೆ, ಬರ್ಗೂ ಗಂಜಿಯಲ್ಲಿ ಕೋಳಿಯನ್ನು ದುರ್ಬೀನು ಹಾಕಿ ಹುಡುಕಬೇಕು. ಬರ್ನಾರ್ಡ್ ಅದಕ್ಕೆ ಉತ್ತರ ಕೊಡದೆ ಒಂದು ಇಡೀ ಈರುಳ್ಳಿ ತಂದು ಮೇಜಿನ ಮಧ್ಯೆ ಕುಕ್ಕಿ ಹೋಗುತ್ತಿದ್ದ. ಹಾಗೆ ದೂರು ಹೇಳದವರು ಹೊರಗಿನವರು. ಒಮ್ಮೆ ಟೆನೆಸಿಯ ಕಡೆಯವನೊಬ್ಬ ಊಟ ಮುಗಿಸಿ ಬಹಳ ಚೆನ್ನಾಗಿತ್ತು ಎಂದು ಕೈಕುಲುಕಿದ್ದಕ್ಕೆ ಬರ್ನಾರ್ಡ್ ಅವನು ಹೋದ ಮೇಲೆ ನಮ್ಮನ್ನು ಕೇಳಿದ್ದು, ಆ ಮನುಷ್ಯ ಇನ್ಶೂರೆನ್ಸ್ ಮಾರಲು ಬಂದಿದ್ದನೇ ಎಂದು.

ಬೇರೆ ಹೋಟೆಲುಗಳಿಗೂ ನಮ್ಮ ಮೇಜಿನಲ್ಲಿ ನ್ಯಾಯ ಹೇಳಲಾಗುತ್ತಿತ್ತು. ಪಕ್ಕದ ಕೌಂಟಿಯವರು ಕಪ್ಪು ಸಾರಿಗೆ ಟೊಮೆಟೊ ಹಾಕುತ್ತಾರೆ, ಅವರಿಗೆ ಕ್ಷಮೆ ಇಲ್ಲ ಎಂದು ಓಜೆಲ್ಲಾಳ ತೀರ್ಪು. ದೋಣಿಗಟ್ಟೆಯ ಮೀನಿನ ಹೋಟೆಲು ಶುಕ್ರವಾರಕ್ಕೆ ಪರವಾಗಿಲ್ಲ, ಆದರೆ ಎಣ್ಣೆ ಬದಲಾಯಿಸುವುದು ಅಧ್ಯಕ್ಷರ ಚುನಾವಣೆಗೊಮ್ಮೆ. ಬೈಪಾಸಿನಲ್ಲಿ ಹೊಸದಾಗಿ ಬಂದದ್ದರಲ್ಲಿ ಊಟದ ಪಟ್ಟಿಯ ತುಂಬ ಫೋಟೋ, ಮಾಂಸದ ಮೇಲೆ ಕೆಂಪು ಸಕ್ಕರೆಪಾಕ. ಹ್ಯೂಬರ್ಟ್ ಅಲ್ಲಿಗೆ ಗುಟ್ಟಾಗಿ ಎರಡು ಸಲ ಹೋಗಿಬಂದಿದ್ದ. ಅಲ್ಲಿನ ಕುರ್ಚಿ ಮೆತ್ತಗಿದೆ ಎಂದು ಬಾಯಿಬಿಟ್ಟು ಸಿಕ್ಕಿಬಿದ್ದ. ಆಮೇಲೆ ಒಂದು ತಿಂಗಳು ಬರ್ನಾರ್ಡ್ ಅವನ ಕುರ್ಚಿಯ ಮೇಲೆ ದಿಂಬು ಇಡುತ್ತಿದ್ದ.

ಫೆಬ್ರವರಿಯಲ್ಲಿ ಬರ್ನಾರ್ಡನಿಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಮುಗಿಯುವವರೆಗೆ ಹೋಟೆಲು ಮುಚ್ಚಿಯೇ ಇತ್ತು. ಈಸ್ಟರ್ ಕಳೆದು ಬಾಗಿಲು ತೆರೆದಾಗ ಅವನು ತೆಳ್ಳಗಾಗಿದ್ದ, ಅಂಗಿ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಮೊದಲ ವಾರ ಮಾಂಸ ಎಂದಿನಂತೆಯೇ ಇತ್ತು, ಅಥವಾ ನಮಗೆ ಹಾಗೆ ಅನ್ನಿಸಿತು. ಎರಡನೆಯ ವಾರ ಓಜೆಲ್ಲಾ ತಟ್ಟೆಯಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಹ್ಯೂಬರ್ಟನ ಕಡೆ ನೋಡಿದೆ. ಹ್ಯೂಬರ್ಟ್ ನೀರು ಕುಡಿದ.

ಯಾರೂ ಕೂತು ಮಾತಾಡಿಕೊಳ್ಳಲಿಲ್ಲ. ಅಷ್ಟು ಸೊರಗಿದ ಮನುಷ್ಯನಿಗೆ ಹೇಗೆ ಹೇಳುವುದು ಎಂದು ಮೂವರಿಗೂ ಒಟ್ಟಿಗೆ ಅನ್ನಿಸಿರಬೇಕು. ಮಾಂಸದ ವಿಷಯ ಬಿಟ್ಟು ಬೀನ್ಸನ್ನು ದೂರಬಹುದಿತ್ತು. ಆದರೆ ಬೀನ್ಸು ದೂರಲು ಹೋದರೆ ಬಾಯಿ ಮಾಂಸದ ಕಡೆಗೇ ಹೊರಳುತ್ತದೆಂದು ಹೆದರಿ ಅದನ್ನೂ ಬಿಟ್ಟೆವು. ಬರ್ನಾರ್ಡ್ ಬಂದು ನಿಂತರೆ ಹ್ಯೂಬರ್ಟ್ ‘ಚೆನ್ನಾಗಿದೆ’ ಅನ್ನುತ್ತಿದ್ದ. ಓಜೆಲ್ಲಾ ಅರ್ಧ ಮಾಂಸವನ್ನು ಕಾಗದದಲ್ಲಿ ಸುತ್ತಿ, ರಾತ್ರಿಗೆ ಬೇಕು ಎಂದು ಚೀಲಕ್ಕೆ ಹಾಕಿಕೊಂಡು ಹೋಗಿ ನಾಯಿಗೆ ಹಾಕುತ್ತಿದ್ದಳು. ನಾನು ತಟ್ಟೆ ಖಾಲಿ ಮಾಡುತ್ತಿದ್ದೆ. ದಿನವೂ ಹೋಗುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಆ ದಿನ ಊಟ ಮುಗಿಸಿ ಏಳುವಾಗ ಬರ್ನಾರ್ಡ್ ನನ್ನನ್ನು ನಿಲ್ಲಿಸಿಕೊಂಡ. ಸೌದೆ ಬಂದಿದೆ, ಇಳಿಸಲು ಒಂದು ಕೈ ಬೇಕು ಎಂದ. ಹ್ಯೂಬರ್ಟ್ ತಾನೂ ಬರುತ್ತೇನೆ ಅಂದದ್ದಕ್ಕೆ, ನಿನ್ನ ಸಾಲಿನಲ್ಲಿ ಬಿಟ್ಟ ಸಸಿಗಳನ್ನು ಹೋಗಿ ಕೈಯಲ್ಲಿ ನೆಡು ಎಂದು ಕಳಿಸಿದ.

ಹಿತ್ತಲಿನಲ್ಲಿ ಸೌದೆ ಆಗಲೇ ಇಳಿಸಿ ಆಗಿತ್ತು. ಅವನು ಒಂದು ತುಂಡು ಎತ್ತಿ ಇನ್ನೊಂದು ಕಡೆ ಇಟ್ಟ. ನಾನೂ ಒಂದು ಎತ್ತಿ ಇಟ್ಟೆ.

“ಆಂಬ್ರೋಸ್, ಮೂರು ವಾರದಿಂದ ನಿಮ್ಮ ಮೇಜಿಂದ ಒಂದು ದೂರಿಲ್ಲ,” ಎಂದ. “ಮೊನ್ನೆ ಹ್ಯೂಬರ್ಟು ನನಗೆ ಥ್ಯಾಂಕ್ಸ್ ಅಂದ. ಯಾರಾದ್ರೂ ಸತ್ತೋದ್ರೇನೋ?”

“ವಯಸ್ಸಾಯ್ತಲ್ಲ ಮಾರಾಯ. ಮೆತ್ತಗಾಗಿದೀವಿ.”

“ನೀನು ಮೆತ್ತಗಾಗಿರಬಹುದು. ಓಜೆಲ್ಲಾ ಆಗ್ತಾಳಾ?”

ಅವನು ಸೌದೆಯ ತುಂಡೊಂದನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡ.

“ಮೂಗು ಹೋಗಿದೆ ಕಣೋ. ಆ ಜ್ವರದಲ್ಲಿ ಹೋಗಿದ್ದು ವಾಪಸ್ ಬಂದಿಲ್ಲ. ಕಾಫಿ ಕುಡಿದ್ರೆ ಬಿಸಿನೀರು. ಉಪ್ಪು ಗೊತ್ತಾಗತ್ತೆ, ಹುಳಿ ಗೊತ್ತಾಗತ್ತೆ, ಅಷ್ಟೇ. ಕೊಬ್ಬು ಸುಟ್ಟರೆ ಕಣ್ಣಲ್ಲಿ ನೋಡಿ ತಿಳ್ಕೋಬೇಕು. ನೋಡೋ ಹೊತ್ತಿಗೆ ಆಗೋಗಿರತ್ತೆ.”

ಡಾಕ್ಟರು ಏನಂದರು ಎಂದು ಕೇಳಿದೆ. ಬರಬಹುದು, ಬರದೆಯೂ ಇರಬಹುದು ಅಂದರಂತೆ. ಅಷ್ಟನ್ನು ಹೇಳಲು ಅಷ್ಟು ಓದಬೇಕಿತ್ತೇ ಎಂದು ಬರ್ನಾರ್ಡನ ಪ್ರಶ್ನೆ. ಶನಿವಾರ ನಮ್ಮ ಚರ್ಚಿನ ವರ್ಷದ ಊಟ. ನೂರು ಕುರಿ ಸುಡುವುದಿದೆ, ಮೂರು ಸಾವಿರ ಜನ ಬರುತ್ತಾರೆ. ಹತ್ತೊಂಬತ್ತು ವರ್ಷದಿಂದ ಆ ಒಲೆಗಳ ಯಜಮಾನಿಕೆ ಅವನದು; ಅವನಿಗಿಂತ ಮುಂಚೆ ಅವನ ಅಪ್ಪನದು. ಪಾದ್ರಿಗಳು ಈ ವರ್ಷವೂ ಹೇಳಿಕಳಿಸಿದ್ದರು. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು.

“ಹೇಳ್ಬಿಡು,” ಎಂದ. “ನೀನು ಹೇಳ್ತೀಯ ಅಂತಲೇ ನಿನ್ನ ನಿಲ್ಲಿಸಿಕೊಂಡಿದ್ದು.”

ನನ್ನನ್ನೇ ಯಾಕೆ ಆರಿಸಿಕೊಂಡ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಕಣ್ಣು ಮಂಜಾಗಿತ್ತು. ನನ್ನ ಪಿಕಪ್ಪು ರಸ್ತೆಯಲ್ಲಿ ಕಂಡರೆ ಊರಿನವರೆಲ್ಲ ತಮ್ಮ ಗಾಡಿಗಳನ್ನು ಚರಂಡಿಯ ಅಂಚಿಗೆ ಇಳಿಸಿ ನಿಂತು ಕೈಬೀಸುತ್ತಿದ್ದರು. ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಗಾಡಿಯ ಬೀಗದಕೈ ಕೊಡು ಎಂದು ಕೈಚಾಚಿದವನು ಬರ್ನಾರ್ಡ್ ಒಬ್ಬನೇ. ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಮಾತಾಡಿದೆ, ಆದರೆ ಆ ವಿಷಯ ಎತ್ತಲಿಲ್ಲ.

“ಕಹಿ,” ಎಂದೆ. “ಮಸಿಯ ಕಹಿ. ಮೊದಲನೇ ತುತ್ತಿಗೆ ಗೊತ್ತಾಗಲ್ಲ, ಮೂರನೇದಕ್ಕೆ ನಾಲಿಗೆ ಮೇಲೆ ಕೂತ್ಕೊಳತ್ತೆ. ಕೊಬ್ಬು ಸರಿಯಾಗಿ ಕುಯ್ತಾ ಇಲ್ಲ ನೀನು, ಮುದಿ ಕುರಿ ವಾಸನೆ ಹಾಗೇ ಉಳಿದಿದೆ. ಶನಿವಾರ ಒಲೆ ಹತ್ತಿರ ಹೋಗ್ಬೇಡ.”

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಸೌದೆಯ ತುಂಡನ್ನು ಮೆಲ್ಲನೆ ಕೆಳಗಿಟ್ಟ.

“ದಿನಾ ತಿಂದ್ರಲ್ಲೋ.”

“ತಿಂದ್ವಿ.”

“ಮುಠ್ಠಾಳರು,” ಎಂದು ಒಳಗೆ ಹೋದ.

ಅವನೇ ಪಾದ್ರಿಗಳಿಗೆ ಫೋನು ಮಾಡಿದ. ತೆರೆದ ಕಿಟಕಿಯಿಂದ ಕೇಳುತ್ತಿತ್ತು. ಕಾರಣ ಮುಚ್ಚಿಡಲಿಲ್ಲ, ಉದ್ದ ಮಾಡಲೂ ಇಲ್ಲ. ಹೇಡನ್ ಅಣ್ಣತಮ್ಮಂದಿರಿಗೆ ಒಲೆ ಒಪ್ಪಿಸಿ, ಅವರ ಕೈ ಪಳಗಿದೆ, ತಾಳ್ಮೆ ಸ್ವಲ್ಪ ಕಮ್ಮಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಎಂದ. ಎರಡು ವರ್ಷದಿಂದ ಹೊತ್ತಿದ್ದ ಋಣ ತೀರಿತಲ್ಲ, ಹಗುರಾಗಬೇಕಿತ್ತು ನನಗೆ. ಆಗಲಿಲ್ಲ. ಏನು ಮಾಡಬೇಕೆಂದು ತೋಚದೆ, ಜೋಡಿಸಿದ್ದ ಸೌದೆಯನ್ನೇ ಇನ್ನೊಮ್ಮೆ ಜೋಡಿಸುತ್ತ ನಿಂತೆ.

ಅವನ ಹೆಂಡತಿ ಕೊರಿನ್ ಹಿಂಬಾಗಿಲಿಗೆ ಬಂದು ನಿಂತದ್ದು ಆಗ. ಮದುವೆಯಾದಾಗಿನಿಂದ ಮುಂದಿನ ಕೋಣೆ ನೋಡಿಕೊಂಡವಳು. ಹೊಗೆ ತಲೆನೋವು ತರುತ್ತದೆಂದು ಒಲೆಯ ಹತ್ತಿರ ಸುಳಿದವಳಲ್ಲ. ಅವಳಿಗೆ ಮೊದಲೇ ಗೊತ್ತಿತ್ತು. ಮಾರ್ಚಿನಲ್ಲೇ ಬರ್ನಾರ್ಡ್ ಒಡೆದ ಹಾಲನ್ನು ಗಟಗಟ ಕುಡಿದು ಲೋಟ ತೊಳೆದಿಟ್ಟದ್ದನ್ನು ನೋಡಿದ್ದಳು.

“ನಿಮ್ಮ ಮೇಜಿನೋರು ಹೇಳ್ಲಿ ಅಂತ ನಾನು ಕಾದೆ,” ಎಂದಳು. “ಇಷ್ಟು ವರ್ಷ ಬಾಯಿ ಮುಚ್ಚಿದ್ದೇ ಇಲ್ಲ ನೀವು. ಮುಚ್ಚೋಕೆ ಈ ವರ್ಷವೇ ಬೇಕಿತ್ತಾ?”

ಅವಳು ಬಾಗಿಲ ಹಿಂದಿನ ಮೊಳೆಯಿಂದ ಬರ್ನಾರ್ಡನ ಏಪ್ರನ್ ತೆಗೆದು, ಒಂದು ಸಲ ಕೊಡವಿ, ಎರಡು ಸುತ್ತು ಸುತ್ತಿ ಕಟ್ಟಿಕೊಂಡಳು. ಒಲೆಯ ತಗಡು ಎತ್ತಿ ಒಳಗೆ ನೋಡಿ ಕೆಮ್ಮಿದಳು. ಎಡಗಡೆ ಏನೋ ಸುಡುತ್ತಿದೆ ಎಂದಳು. ಸುಡುತ್ತಿತ್ತು. ನನಗೂ ಆಗಲೇ ವಾಸನೆ ಬಂದದ್ದು.

ಶನಿವಾರ ಚರ್ಚಿನ ಊಟಕ್ಕೆ ಎಲ್ಲರೂ ಹೋದೆವು. ಬರ್ನಾರ್ಡ್ ಒಲೆಗಳ ಕಡೆ ಹೋಗದೆ, ಶರಬತ್ತಿನ ಟೇಬಲ್ಲಿನ ಹಿಂದೆ ನಿಂತು ಮಕ್ಕಳಿಗೆ ಲೋಟ ತುಂಬಿಸಿದ. ಈ ಸಲ ಯಾಕೆ ಅಲ್ಲಿಲ್ಲ ಎಂದು ಕೇಳಿದವರಿಗೆಲ್ಲ, ಮೂಗು ಕೆಟ್ಟಿದೆ ಎಂದು ಒಂದೇ ಮಾತು ಹೇಳಿದ. ನೂರು ಸಲ ಹೇಳಿರಬೇಕು. ನಾನು ಅವನ ಪಕ್ಕದಲ್ಲಿ ಐಸು ಒಡೆಯುತ್ತಿದ್ದೆ. ಹೇಡನ್‌ಗಳ ಮಾಂಸ ಪರವಾಗಿಲ್ಲ ಅನ್ನುವಂತಿತ್ತು. ಹ್ಯೂಬರ್ಟ್ ಮಾತ್ರ ಉಪ್ಪು ಜಾಸ್ತಿ ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿ, ಎರಡನೆಯ ಸಲ ತಟ್ಟೆ ಹಿಡಿದುಕೊಂಡು ಹೋದ.

ಕೊರಿನ್‌ಗೆ ಒಲೆ ಹದಕ್ಕೆ ಬರಲು ಹೊತ್ತು ಹಿಡಿಯಿತು. ಮೊದಲ ಮೂರು ವಾರ ಹೋಟೆಲಿನಲ್ಲಿ ಕೋಳಿ ಮತ್ತು ಬರ್ಗೂ ಮಾತ್ರ. ಬರ್ನಾರ್ಡ್ ಕೆಂಡ ಎಲ್ಲಿರಬೇಕೆಂದು ಕೈಯಿಂದ ತೋರಿಸುತ್ತಿದ್ದ, ಅವಳು ತನ್ನ ಮೂಗು ಹೇಳಿದ್ದನ್ನು ನಂಬಿ ಅಲ್ಲವೆನ್ನುತ್ತಿದ್ದಳು. ಇಬ್ಬರ ಜಗಳ ರಸ್ತೆಗೆ ಕೇಳುತ್ತಿತ್ತು. ಮುಂದಿನ ಕೋಣೆ ಬರ್ನಾರ್ಡನ ಪಾಲಿಗೆ ಬಂತು. ಓಜೆಲ್ಲಾಳ ಆರ್ಡರನ್ನು ಹ್ಯೂಬರ್ಟನಿಗೆ ಕೊಡುತ್ತಿದ್ದ, ಹ್ಯೂಬರ್ಟನದನ್ನು ಗೋಡೆಯ ಕಡೆ ಕೂತ ಅಪರಿಚಿತರಿಗೆ.

ಜೂನ್ ಹತ್ತರ ಮಂಗಳವಾರ ಕುರಿಮಾಂಸ ಮತ್ತೆ ಹೊರಗೆ ಬಂತು. ಬರ್ನಾರ್ಡ್ ಮೂರು ತಟ್ಟೆ ತಂದಿಟ್ಟ. ಇಟ್ಟು ಹೋಗಲಿಲ್ಲ. ಪಕ್ಕದ ಮೇಜಿನಿಂದ ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕೂತ. ಅವನು ಗಿರಾಕಿಯ ಹಾಗೆ ಆ ಮೇಜಿಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಓಜೆಲ್ಲಾ ಒಂದು ತುತ್ತು, ಎರಡು ತುತ್ತು ತಿಂದಳು. ಅಡುಗೆಮನೆಯ ಕಿಂಡಿಯಲ್ಲಿ ಕೊರಿನ್‌ಳ ಮುಖ ಕಾಣುತ್ತಿತ್ತು.

“ಗಟ್ಟಿ,” ಎಂದಳು ಓಜೆಲ್ಲಾ. “ಒಂದು ಗಂಟೆ ಮೊದಲೇ ಇಳಿಸಿದಾಳೆ. ನನ್ನ ದವಡೆ ಏನು ಕಬ್ಬಿಣದ್ದಾ?”

“ಹೊಗೆ?” ಎಂದ ಬರ್ನಾರ್ಡ್.

ಅವಳು ಮೂರನೆಯ ತುತ್ತು ತಿಂದು ನುಂಗುವವರೆಗೆ ಕಾಯಿಸಿದಳು.

“ಹೊಗೆ ಸರಿಯಾಗಿದೆ.”

ಬರ್ನಾರ್ಡ್ ನನ್ನ ಕಡೆ ತಿರುಗಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ನನ್ನ ತಟ್ಟೆಯಿಂದ ಕೈಯಲ್ಲೇ ಒಂದು ತುಂಡು ಎತ್ತಿಕೊಂಡು ಬಾಯಿಗಿಟ್ಟ. ನಮ್ಮ ಮೂವರ ಮುಖಗಳನ್ನೂ ಒಂದಾದ ಮೇಲೊಂದು ನೋಡುತ್ತ, ಬಹಳ ಹೊತ್ತು ಅಗಿದ.