ಗಡಿಯಾರದ ಸತ್ತ ಬ್ಯಾಟರಿ

ಸತ್ತ ಬ್ಯಾಟರಿಯಿಂದ ದೀಪ ಹೊತ್ತಿಸಿ ತೋರಿಸುತ್ತೇನೆಂದು ಕಳೆದ ವಾರ ಮಗಳು ತರಗತಿಯ ಮುಂದೆ ನಿಂತಿದ್ದಳು. ಹೊತ್ತಲಿಲ್ಲ. ಅಂದಿನಿಂದ ಜೊತೆಯವರ ಬಾಯಲ್ಲಿ ಅವಳು ‘ಕತ್ತಲೆ ರಾಣಿ’. ಸೋಮವಾರ ಇನ್ನೊಮ್ಮೆ ತೋರಿಸು ಎಂದಿದ್ದರು ಮೇಡಂ. ಭಾನುವಾರ ಮಧ್ಯಾಹ್ನವಾದರೂ ದೀಪ ಹೊತ್ತದೆ, ನಾಳೆ ಶಾಲೆಗೇ ಹೋಗುವುದಿಲ್ಲವೆಂದು ಮುಖ ಊದಿಸಿಕೊಂಡು ಕೂತಳು.

ಊಟದ ಮೇಜಿನ ತುಂಬ ಅವಳದೇ ಸಾಮಾನು: ಗೋಡೆ ಗಡಿಯಾರವನ್ನು ನಿಲ್ಲಿಸಿದ್ದ ಬ್ಯಾಟರಿ, ಟ್ರಾನ್ಸಿಸ್ಟರ್, ರೆಸಿಸ್ಟರ್, ಪುಟ್ಟ ಎಲ್‌ಇಡಿ, ಹಳೆಯ ಕೇಬಲ್ಲಿನಿಂದ ಬಿಡಿಸಿದ ಕಪ್ಪು ಉಂಗುರ. ಉಂಗುರಕ್ಕೆ ಎರಡು ತಂತಿಗಳನ್ನು ಜೊತೆಯಾಗಿ ಸುತ್ತಿದ್ದಳು. ಇಷ್ಟು ಬಡಕಲು ಬ್ಯಾಟರಿಗೆ ಆ ಶಕ್ತಿ ಎಲ್ಲಿಂದ ಬರುತ್ತದೆಂದು ನಾನು ಕೇಳಿದ್ದೆ. ಹರಿಯುವ ನಲ್ಲಿಯನ್ನು ಫಕ್ಕನೆ ಮುಚ್ಚಿದರೆ ಪೈಪು ಧಡ್ ಎನ್ನುತ್ತದಲ್ಲ, ಹಾಗೆ ಎಂದಿದ್ದಳು. ಸುರುಳಿಯಲ್ಲಿ ಹರಿಯುವ ಕರೆಂಟನ್ನು ಟ್ರಾನ್ಸಿಸ್ಟರ್ ಕಣ್ಣಿಗೆ ಕಾಣದ ವೇಗದಲ್ಲಿ ಬಿಟ್ಟು ತಡೆಯುತ್ತದಂತೆ. ತಡೆದಾಗಲೆಲ್ಲ ಬ್ಯಾಟರಿಗಿಂತ ಜೋರಾದ ಒದೆತ.

“ಸತ್ತ ಬ್ಯಾಟರಿಗೆ ಎಷ್ಟು ಆರೈಕೆ ನೋಡು. ನಂಗೆ ಜ್ವರ ಬಂದಾಗ ಒಂದ್ ಲೋಟ ನೀರು ಕೊಡಲಿಲ್ಲ ಇವಳು,” ಎಂದರು ನನ್ನ ಅತ್ತೆ.

ನಾನು ಅವರ ಬಟ್ಟೆ ಚೀಲಕ್ಕೆ ಲಾಡಿ ಪೋಣಿಸುತ್ತಿದ್ದೆ. ಗಟ್ಟಿಯಿರಲೆಂದು ಎರಡು ಲಾಡಿ, ಜೊತೆಯಾಗಿ. ಸುತ್ತಿ ಬಂದ ನಾಲ್ಕು ತುದಿಗಳೂ ಬಿಳಿ. ಯಾವುದಕ್ಕೋ ಯಾವುದನ್ನೋ ಗಂಟು ಹಾಕಿ ಎಳೆದರೆ ಲಾಡಿಯೇ ಪೂರ್ತಿ ಹೊರಗೆ ಬಂತು.

“ಒಂದಾದ್ರೂ ನೀಲಿ ಹಾಕು ಅಂತ ಎಷ್ಟು ಸಲ ಹೇಳ್ಬೇಕಮ್ಮ ನಿಂಗೆ?” ಎಂದರು ಅತ್ತೆ.

ಮಗಳು ತಲೆಯೆತ್ತಿ ನನ್ನ ಕೈಯಲ್ಲಿದ್ದ ಲಾಡಿಯನ್ನೇ ನೋಡಿದಳು. ಅವಳ ತಂತಿಗಳೂ ಎರಡೂ ಕೆಂಪು. ಒಂದರ ಮೊದಲ ತುದಿಗೆ ಇನ್ನೊಂದರ ಕೊನೆಯ ತುದಿ ಸೇರಬೇಕಿತ್ತು; ಅವಳು ಮೊದಲಿಗೆ ಮೊದಲನ್ನೇ ಕೂಡಿಸಿದ್ದಳು. ಎಲ್ಲ ಬಿಚ್ಚಿ, ಕೆಂಪಿನ ಜೊತೆ ಹಸಿರು ತಂತಿ ಹಿಡಿದು ಮತ್ತೆ ಸುತ್ತತೊಡಗಿದಳು. ನೆರವಿಗೆ ಚಾಚಿದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ.

ಬ್ಯಾಟರಿ ತಾಗಿಸಿದಳು. ಹಗಲಿನಲ್ಲೂ ಕಣ್ಣು ಚುಚ್ಚುವಂಥ ಬೆಳಕು. ಮೇಜಿಗೆ ಹೊದಿಕೆ ಇಳಿಬಿಟ್ಟು ಮೂವರೂ ಅದರಡಿ ತೂರಿದೆವು. ಅತ್ತೆ ಅಲ್ಲಿಂದ ಏಳಲೊಲ್ಲರು. ಆ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸಿ ತೋರಿಸಿದರು.

ಸೋಮವಾರ ದೀಪವನ್ನು ಅತ್ತೆಯ ಆ ಚೀಲದಲ್ಲೇ ಇಟ್ಟು ಶಾಲೆಗೆ ಕಳಿಸಿದೆ. ಮೇಡಂ ಕಿಟಕಿಗಳನ್ನೆಲ್ಲ ಮುಚ್ಚಿಸಿದರಂತೆ, ದೀಪ ಹೊತ್ತಿತಂತೆ. ಮರುದಿನ ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಗಳು ಬಂದು ಚೀಲವನ್ನು ಧೊಪ್ಪೆಂದು ಇಳಿಸಿದಳು. ಒಳಗೆ ಬರೀ ಬ್ಯಾಟರಿಗಳು.

“ಎಲ್ರೂ ಮನೇಲಿ ಸತ್ತಿರೋದನ್ನೆಲ್ಲ ತಂದ್ಕೊಟ್ರಮ್ಮ. ‘ರಾಣಿ, ಇದನ್ನೂ ಎಬ್ಬಿಸೇ’ ಅಂತಾರೆ.”

ಅತ್ತೆ ಚೀಲ ವಾಪಸು ಕೇಳಲಿಲ್ಲ. ತಮಗೆ ಬೇರೆಯದೊಂದು ಹೊಲಿ ಎಂದರು, ನೀಲಿ ಲಾಡಿ ಮರೆಯಬೇಡ ಎಂದರು.