ಅಂಟು ಒಣಗುವವರೆಗೆ

ಮೇಜಿನ ಕೆಳಖಾನೆ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಆಕೆ ಮಂಡಿಯೂರಿ ಎರಡೂ ಕೈಯಿಂದ ಅಲ್ಲಾಡಿಸಿದಳು. ಒಳಗೆ ಏನೋ ಗಲಗಲ ಎಂದಿತೇ ಹೊರತು ಖಾನೆ ಜಪ್ಪಯ್ಯ ಎಂದರೂ ಮುಂದೆ ಬರಲಿಲ್ಲ. ಗೋಡೆಯ ಆಚೆ, ಮುಂದಿನ ಕೋಣೆಯಲ್ಲಿ, ಗಂಡ ಪೆಟ್ಟಿಗೆಯೊಳಗೆ ಮಲಗಿದ್ದ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ. ಬದುಕಿದ್ದಾಗ ಒಂದು ದಿನವೂ ಅಷ್ಟು ಅಚ್ಚುಕಟ್ಟಾಗಿ ಇದ್ದವನಲ್ಲ.

"ಅಮ್ಮಾ, ಎಲ್ಲರೂ ನಿನ್ನ ಕೇಳ್ತಿದ್ದಾರೆ. ಇಲ್ಲಿ ಏನು ಹುಡುಕ್ತಿದೀಯ?" ಎಂದಳು ಬಾಗಿಲಿಗೆ ಬಂದ ಮಗಳು.

"ಅಂಟು."

ಆದದ್ದು ಇಷ್ಟು. ಬೆಳಿಗ್ಗೆ ಮೈದುನ ಒಳ್ಳೆಯ ಮನಸ್ಸಿನಿಂದಲೇ ಈ ಮೇಜಿನ ಮೇಲಿದ್ದ ಕೆಂಪು ಪ್ಲಾಸ್ಟಿಕ್ ವಿಮಾನವನ್ನು ಎತ್ತಿಕೊಂಡು ಹೋಗಿ ಅಣ್ಣನ ಕೈಯ ಪಕ್ಕದಲ್ಲಿ ಇಟ್ಟಿದ್ದ. ಅಣ್ಣನ ಜೀವವೆಲ್ಲ ಇದರಲ್ಲೇ ಇತ್ತು, ಜೊತೆಗೇ ಹೋಗಲಿ ಎಂದಿದ್ದ. ಸುತ್ತ ಇದ್ದವರು ತಲೆದೂಗಿದ್ದರು. ಆಕೆ ಹತ್ತಿರ ಹೋಗಿ ನೋಡಿದರೆ ವಿಮಾನಕ್ಕೆ ಒಂದೇ ರೆಕ್ಕೆ. ಬಣ್ಣ ಬಳಿದು ಒಣಗಲು ಇಟ್ಟಿದ್ದ ಇನ್ನೊಂದು ರೆಕ್ಕೆ ಕಿಟಕಿಯ ಕಟ್ಟೆಯಲ್ಲಿ ಹಳೆಯ ಪೇಪರಿನ ಮೇಲೇ ಉಳಿದಿತ್ತು. ನಾಳೆ ಅಂಟಿಸೋಣ, ಬಿಡುವು ಮಾಡಿಕೋ ಎಂದು ಹೇಳಿ ಮಲಗಿದವನು ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಇಂಥ ಸಾವಿಗೂ ಪುಣ್ಯ ಮಾಡಿರಬೇಕು ಎಂದು ಬಂದವರೆಲ್ಲ ಹೇಳುತ್ತಿದ್ದರು. ಆಕೆಗೂ ಅದರಲ್ಲಿ ತಕರಾರಿರಲಿಲ್ಲ. ತಕರಾರಿದ್ದದ್ದು ರೆಕ್ಕೆಯ ವಿಷಯದಲ್ಲಿ ಮಾತ್ರ.

"ಒಂಟಿ ರೆಕ್ಕೇಲಿ ಕಳಿಸಲ್ಲ," ಎಂದು ವಿಮಾನವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದಳು. ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರುತ್ತದೆ, ಅವರು ಯಾರಿಗೂ ಕಾಯುವುದಿಲ್ಲ ಎಂದು ಮೈದುನ ಗಡಿಯಾರ ತೋರಿಸಿದ್ದ. ಅವನು ತಾಯಿಯ ಹೊಟ್ಟೆಯಿಂದ ಬರುವಾಗಲೂ ಗಡಿಯಾರ ನೋಡಿಕೊಂಡೇ ಬಂದಿರಬೇಕು.

ಹೊರಗೆ ಮಾತು ನಡೆದೇ ಇತ್ತು. ಸತ್ತವನಿಗೆ ಬೀದಿಯವರು ಇಟ್ಟ ಹೆಸರು ಹಲ್ಲಣ್ಣ. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ ಕಟ್ಟಿಕೊಡುತ್ತಿದ್ದವನು. ಬಂದವರಲ್ಲಿ ಅರ್ಧ ಜನ ಅವನು ಕಟ್ಟಿದ ಹಲ್ಲಿನಿಂದಲೇ ಅವನ ಗುಣಗಾನ ಮಾಡುತ್ತಿದ್ದರು.

*

ಮದುವೆಯಾದ ಹೊಸತರಲ್ಲಿ ಅವರ ಮನೆಯಲ್ಲಿ ಮಾತಿಗೆ ಬರಗಾಲ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಊರವರ ಮಾತಿಗೆ ತಂತಿ ಚುಚ್ಚಿ ಚುಚ್ಚಿ, ಮನೆಗೆ ಬರುವ ಹೊತ್ತಿಗೆ ಬಾಯಿ ಬಿಡಲೂ ಬೇಸರವಾಗಿರುತ್ತಿದ್ದಳು. ಅವನಿಗಂತೂ ಮಾತು ಶುರುಮಾಡುವುದು ಹೇಗೆಂದೇ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದರು.

ಒಂದು ರಜೆಯ ಮಧ್ಯಾಹ್ನ ಅವನು ಈ ಮೇಜಿನಿಂದ ಕರೆದ. ರೆಕ್ಕೆಗೆ ಅಂಟು ಹಾಕಿದ್ದೇನೆ, ಇಷ್ಟು ಚಿಕ್ಕದನ್ನು ಹಿಡಿಯುವ ಕ್ಲಿಪ್ ಎಲ್ಲೂ ಸಿಗುವುದಿಲ್ಲ, ನನಗೆ ಮೂರನೆಯ ಕೈ ಇಲ್ಲ ಎಂದ. ಆಕೆ ಬಂದು ಕೂತು ಹಿಡಿದಳು. ಎಷ್ಟು ಹೊತ್ತು ಎಂದು ಕೇಳಿದಳು.

"ಸಾಕು ಅನ್ನಿಸೋವರೆಗೆ. ಆಮೇಲೂ ಇನ್ನೊಂದಷ್ಟು ಹೊತ್ತು."

ಕೂತು ಕೂತು ಬೇಸರವಾಗಿ ಇದೇನು ವಿಮಾನ ಎಂದು ಕೇಳಿದಳು. ಅವನು ಬಾಯಿಬಿಟ್ಟ.

"ಯುದ್ಧದ ವಿಮಾನ ಇದು. ಯುದ್ಧ ಮುಗೀತು, ಕೆಲಸ ಹೋಯ್ತು. ಗುಜರಿಗೆ ಹೋಗೋದನ್ನ ಯಾರೋ ಹುಚ್ಚರು ಕೊಂಡ್ಕೊಂಡು, ಬಂದೂಕು ಕಿತ್ತು ಬಿಸಾಕಿ, ಬಣ್ಣ ಹೊಡೆದು ರೇಸಿಗೆ ಬಿಟ್ರು."

ಅವನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಆಕೆ ಕೇಳಿದ್ದು ಅದೇ ಮೊದಲು. ಅಂಗಡಿಯಲ್ಲಿ ಸಿಗುವ ಮಾದರಿ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಇರುವುದು ಯುದ್ಧದ ವಿಮಾನವೇ. ಅದನ್ನು ರೇಸಿಗೆ ತಿರುಗಿಸುವುದು ಅವನ ಕೆಲಸ. ರೆಕ್ಕೆಯ ತುದಿ ಗರಗಸದಲ್ಲಿ ಕತ್ತರಿಸಬೇಕು, ಪೈಲಟ್ಟನ ತಲೆಯ ಮೇಲಿನ ಗಾಜನ್ನು ತಗ್ಗಿಸಬೇಕು, ಬಂದೂಕಿನ ತೂತುಗಳನ್ನು ಮುಚ್ಚಬೇಕು. ಮುಚ್ಚಲು ಅವನ ಹತ್ತಿರ ಇದ್ದದ್ದು ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಮಸಾಲೆ. ಬಣ್ಣ ಬಳಿಯುವವರೆಗೆ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಒಸಡು ಕಾಣುತ್ತಿತ್ತು. ವಿಮಾನಕ್ಕೆ ಹಲ್ಲು ಹುಟ್ಟುತ್ತಿದೆ ಎಂದು ಆಕೆ ನಕ್ಕಳು. ನಗುವಾಗ ಹೆಬ್ಬೆರಳು ಜಾರಿ, ಉಕ್ಕಿದ ಅಂಟಿನ ಮೇಲೆ ಒತ್ತಿತು. ಅಂಟಿಗೆ ಮೆತ್ತಗಾಗಿದ್ದ ಪ್ಲಾಸ್ಟಿಕ್ಕಿನಲ್ಲಿ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತು. ಆಕೆಯ ಮುಖ ಬಾಡಿತು.

"ಗಾಳಿ ಇಲ್ಲಿ ಎಡವತ್ತೆ," ಎಂದ ಅವನು ಗಂಭೀರವಾಗಿ. "ನಿನ್ನ ಹೆಬ್ಬೆಟ್ಟು ಹೊತ್ಕೊಂಡು ಹೋದ್ರೆ ನಮ್ಮ ವಿಮಾನ ಎಲ್ಲರಿಗಿಂತ ಹಿಂದೆ ಬರತ್ತೆ."

ಅವನು ಅದನ್ನು ವಾರವೆಲ್ಲ ಉಜ್ಜಿದ. ಆಕೆ ಅಂದಿನಿಂದ ಅಂಚು ಮಾತ್ರ ಹಿಡಿಯುವುದನ್ನು ಕಲಿತಳು.

*

ಖಾನೆ ಕೊನೆಗೂ ಬಂತು, ಬಂದ ರಭಸಕ್ಕೆ ಆಕೆ ಹಿಂದಕ್ಕೆ ಕೂತುಬಿಟ್ಟಳು. ಅಂಟಿನ ಟ್ಯೂಬು ಮೇಲೇ ಇತ್ತು. ಅದರ ಕೆಳಗೆ ಖಾನೆಯ ತುಂಬ ಕ್ಲಿಪ್ಪುಗಳು. ಉಗುರಿನಷ್ಟು ಚಿಕ್ಕವು, ಬಾಯಿಗೆ ರಬ್ಬರ್ ಹಾಕಿದವು, ಉದ್ದ ಮೂಗಿನವು. ಹಲವು ಇನ್ನೂ ಪೊಟ್ಟಣದಿಂದಲೇ ಹೊರಬಂದಿರಲಿಲ್ಲ.

ಮಾದರಿ ಡಬ್ಬಿಗಳನ್ನು ಮಾರುವ ಅಂಗಡಿಯವರು ಅಷ್ಟರಲ್ಲಿ ಸಾಂತ್ವನ ಹೇಳಲು ಒಳಗೆ ಬಂದರು. ಆಕೆ ಕೆಳಗೆ ಕೂತಿದ್ದನ್ನು ಕಂಡು ಗಾಬರಿಯಾದರು. ಆಮೇಲೆ ಖಾನೆ ನೋಡಿದರು.

"ಇದೆಲ್ಲ ನಿಮ್ಮ ಅಂಗಡಿಯದಾ?" ಎಂದಳು ಆಕೆ.

"ಹೌದಮ್ಮ. ಹೊಸ ಕ್ಲಿಪ್ ಬಂದಾಗೆಲ್ಲ ನಾನೇ ಕೊಡ್ತಿದ್ದೆ. ಉಪಯೋಗಕ್ಕೆ ಬಂತಾ ಅಂತ ಕೇಳಿದ್ರೆ, ಚೆನ್ನಾಗಿದೆ, ಆದ್ರೆ ಮನೇಲಿ ಗೊತ್ತಾಗೋದು ಬೇಡ ಅಂತಿದ್ರು. ಖರ್ಚಿಗೆ ನೀವು ಬೈತೀರೇನೋ ಅಂದ್ಕೊಂಡಿದ್ದೆ."

ಆಕೆ ಒಂದು ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು ಕಿರುಬೆರಳಿಗೆ ಸಿಕ್ಕಿಸಿ ನೋಡಿದಳು. ಗಟ್ಟಿಯಾಗಿ ಹಿಡಿಯಿತು, ನೋಯಲಿಲ್ಲ. ಇದ್ದಕ್ಕಿದ್ದಂತೆ ಆಕೆಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಗಂಡ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯಲ್ಲಿರುವಾಗ ಆಕೆ ಬಾಯ್ತುಂಬ ನಕ್ಕಳು. ಹೊರಗೆ ಮಾತು ನಿಂತಿತು. ಮಗಳು ಓಡಿ ಬಂದು ಅಮ್ಮನ ಬೆನ್ನು ಸವರಿದಳು. ದುಃಖಕ್ಕೆ ಹೀಗೂ ಆಗುವುದುಂಟು ಎಂದು ಯಾರೋ ಬಲ್ಲವರು ಹೇಳಿದರು. ಆಕೆಗೆ ಆ ಗಳಿಗೆಯಲ್ಲಿ ದುಃಖವಿರಲಿಲ್ಲ. ಕ್ಲಿಪ್ ಎಲ್ಲೂ ಸಿಗುವುದಿಲ್ಲ ಎಂದಿದ್ದ ಕಳ್ಳ ಸಿಕ್ಕಿಬಿದ್ದಿದ್ದ, ಅಷ್ಟೆ.

*

ಆ ಮನೆಯ ದೊಡ್ಡ ಮಾತುಗಳೆಲ್ಲ ಅಂಟು ಒಣಗುವ ಹೊತ್ತಿನಲ್ಲೇ ಆದವು. ಹೊಟ್ಟೆಯಲ್ಲಿ ಮಗುವಿದೆ ಎಂದು ಆಕೆ ಹೇಳಿದ್ದು ಒಂದು ವಿಮಾನದ ಬಾಲವನ್ನು ಹಿಡಿದುಕೊಂಡು. ಮಗಳ ಮದುವೆಗೆ ಅವನು ಹೂಂ ಎಂದದ್ದು ಒಂದು ಚಕ್ರ ಕೂರಿಸುವಾಗ. ಎದ್ದು ಹೋಗುವ ಹಾಗಿಲ್ಲವಾದ್ದರಿಂದ ಜಗಳಗಳೂ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿದ್ದವು.

ಎಕ್ಸ್‌ಚೇಂಜಿಗೆ ಯಂತ್ರ ಬಂದು ಆಕೆಯನ್ನು ಮನೆಗೆ ಕಳಿಸಿದ ದಿನವೂ ಅವನು ಕರೆದು ಕೈಗೆ ರೆಕ್ಕೆ ಕೊಟ್ಟ. ಆಕೆ ಹಿಡಿದುಕೊಂಡೇ ಅತ್ತಳು. ಕಣ್ಣೊರೆಸಲು ಕೈ ಬಿಡುವಿರಲಿಲ್ಲ. ಅವನು ತನ್ನ ತೋಳಿನಿಂದ ಒರೆಸಿದ. ಬಹಳ ಹೊತ್ತು ಯೋಚಿಸಿ, "ಯುದ್ಧ ಮುಗೀತು," ಎಂದ. "ಇನ್ನು ನಿನ್ನ ರೇಸಿಗೆ ಬಿಡೋಣ."

ಮರುವಾರದಿಂದ ಆಕೆ ಅವನ ಹಲ್ಲಿನ ಕಾರ್ಖಾನೆಯ ಮುಂದೆ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ವಿಚಾರಿಸತೊಡಗಿದಳು. ಎಕ್ಸ್‌ಚೇಂಜಿನಲ್ಲಿ ಹಿಡಿದಿಟ್ಟಿದ್ದ ಮಾತೆಲ್ಲ ಅಲ್ಲಿ ಹೊರಬಂತು. ವ್ಯಾಪಾರ ಕುದುರಿದ್ದು ಆಕೆ ಬಂದ ಮೇಲೆಯೇ ಎಂದು ಅವನು ಕಂಡಕಂಡವರಿಗೆ ಹೇಳುತ್ತಿದ್ದ. ಆಕೆಗೆ ಮಾತ್ರ ಹೇಳಲಿಲ್ಲ, ಅದೂ ಮೂರನೆಯವರ ಬಾಯಿಂದಲೇ ಗೊತ್ತಾದದ್ದು.

*

ಗಾಡಿ ಬಂದಾಗ ಆಕೆ ರೆಕ್ಕೆಯ ಬುಡದ ಬಣ್ಣವನ್ನು ಬ್ಲೇಡಿನಿಂದ ಕೆರೆಯುತ್ತಿದ್ದಳು. ಬಣ್ಣದ ಮೇಲೆ ಅಂಟು ಕೂರುವುದಿಲ್ಲ. ಆಮೇಲೆ ಟ್ಯೂಬು ಒತ್ತಿ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಹಾಕಿ, ರೆಕ್ಕೆಯನ್ನು ಕೂರಿಸಿ ಎರಡೂ ಕೈಯಿಂದ ಹಿಡಿದಳು. ಅಂಟು ಸಂದಿಯಿಂದ ಉಕ್ಕಿತು. ಅದನ್ನು ಕೂಡಲೇ ಒರೆಸಬೇಕು. ಆಕೆ ಒರೆಸಲಿಲ್ಲ.

ಮೈದುನ ಗಡಿಯಾರ ನೋಡಿದ. ಕ್ಲಿಪ್ ಹಾಕಿಬಿಡೋಣ, ಅಮ್ಮ ಕೈ ಬಿಡಲಿ ಎಂದು ಅಂಗಡಿಯವರು ಸೂಚಿಸಿದರು. ಮಗಳು ಕ್ಲಿಪ್ ತಂದೂಬಿಟ್ಟಳು. ಆಕೆ ತಲೆಯಾಡಿಸಿ, "ಇಷ್ಟು ವರ್ಷ ಬೇಡ ಅಂದವರಿಗೆ ಇವತ್ತು ಯಾಕೆ?" ಎಂದಳು.

ಹೀಗಾಗಿ ಪೆಟ್ಟಿಗೆಯ ಹಿಂದೆಯೇ ಆಕೆಯೂ ಗಾಡಿ ಹತ್ತಿದಳು. ಕೈ ಬಿಡುವಿಲ್ಲದ್ದರಿಂದ ಮಗಳು ಸೊಂಟ ಹಿಡಿದು ಹತ್ತಿಸಬೇಕಾಯಿತು. ಮುಚ್ಚಳವನ್ನು ಹಾಕದೆ ಬದಿಗಿಟ್ಟರು. ಆಕೆ ಅವನ ಪಕ್ಕದ ಬೆಂಚಿನ ಮೇಲೆ ಕೂತು, ಮೊಣಕೈಯನ್ನು ಪೆಟ್ಟಿಗೆಯ ಅಂಚಿಗೆ ಊರಿ, ವಿಮಾನದ ಹೊಟ್ಟೆಯನ್ನು ಅವನ ಅಂಗೈಗೆ ತಾಗಿಸಿ ಹಿಡಿದಳು. ಅಂಟು ಹಸಿ ಇದೆ, ನಿಧಾನ ಹೋಗಿ ಎಂದು ಡ್ರೈವರಿಗೆ ಹೇಳಿದಳು. ಉಬ್ಬು ಬಂದಲ್ಲೆಲ್ಲ ಅವನು ಗಾಡಿಯನ್ನು ಇರುವೆಯ ಹಾಗೆ ಹತ್ತಿಸಿ ಇಳಿಸಿದ. ಹಿಂದಿನ ಕಾರಿನಲ್ಲಿ ಮೈದುನ ಹಾರ್ನ್ ಒತ್ತಿದ್ದು ಕೇಳಿಸಿತು.

ಆಕೆ ಮಾತಾಡಿದಳು. ಖಾನೆಗೆ ಎಣ್ಣೆ ಬಿಡಬೇಕು ಎಂದಳು. ಬಂದವರು ಯಾರು, ಬರದವರು ಯಾರು ಎಂದು ಹೇಳಿದಳು. ಕ್ಲಿಪ್ಪಿನ ವಿಷಯಕ್ಕೆ ಬಂದಾಗ ಸಾಕಷ್ಟು ಬೈದಳು. ಪಕ್ಕದಲ್ಲಿದ್ದ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಹೊರಗೆ ಅಂಗಡಿಗಳು, ಶಾಲೆಯ ಕಾಂಪೌಂಡು, ಅವರ ಹಲ್ಲಿನ ಕಾರ್ಖಾನೆಯ ಮುಚ್ಚಿದ ಬಾಗಿಲು ಒಂದಾದ ಮೇಲೊಂದು ಹಿಂದೆ ಹೋದವು. ಬಾಗಿಲು ಮರೆಯಾದ ಮೇಲೆ ಆಕೆ ಹೆಬ್ಬೆರಳನ್ನು ಅಂಚಿನಿಂದ ತೆಗೆದು, ಅಂಟು ಉಕ್ಕಿದ್ದ ಜಾಗಕ್ಕೆ ಸರಿಸಿ, ಒತ್ತಿದಳು.

ಗಾಡಿ ನಿಂತಿತು. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದು ಕಾದ. ಅಂಟು ಯಾವಾಗಲೋ ಹಿಡಿದಿತ್ತು. ಆಕೆ ಇನ್ನೊಂದಷ್ಟು ಹೊತ್ತು ಕೂತಿದ್ದು, ಆಮೇಲೆ ಒಂದೊಂದೇ ಬೆರಳು ಬಿಟ್ಟಳು.

"ಅಮ್ಮಾ, ಗುರುತು ಬಿತ್ತು," ಎಂದಳು ಮಗಳು ಮೆಲ್ಲಗೆ. "ಅಪ್ಪ ಇದ್ದಿದ್ರೆ ವಾರವೆಲ್ಲ ಉಜ್ತಿದ್ರು."

"ಉಜ್ಜಲಿ ಬಿಡು. ಕೈಗೊಂದು ಕೆಲಸ ಇರತ್ತೆ."

ಮುಚ್ಚಳ ತಂದರು. ಅವನ ಅಂಗೈಯ ಮೇಲೆ ವಿಮಾನ ಎರಡೂ ರೆಕ್ಕೆ ಚಾಚಿ ಸಮನಾಗಿ ಕೂತಿತ್ತು. ಎಡ ರೆಕ್ಕೆಯ ಬುಡದಲ್ಲಿ, ನುಣುಪಾದ ಕೆಂಪಿನ ನಡುವೆ, ಆಕೆಯ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು.