ಪ್ರಮೋದಾ ಬರೆದುಕೊಟ್ಟ ಕ್ಷಮಾಪಣೆಗಳು

ಪ್ರಮೋದಾ ಇಂಗ್ಲಿಷಿನಲ್ಲಿ ಪಂಡಿತಳೇನೂ ಅಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಡಿಗ್ರಿ ಎರಡನೇ ವರ್ಷದಲ್ಲಿ ಮದುವೆಯಾಗಿ, ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದವಳು. ಆದರೆ ಬಾಶೆಟ್ಟಿಹಳ್ಳಿಯಲ್ಲಿ ಅವಳು ಒಂಬತ್ತು ವರ್ಷದಿಂದ ಕ್ವಾಲಿಟಿ ಚೆಕಿಂಗ್ ಮಾಡುತ್ತಿದ್ದ ಕಾರ್ಖಾನೆಯಲ್ಲಿ, ಗಾಡಿಗಳ ಬಿಡಿಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ ಆ ತಗಡಿನ ಶೆಡ್ಡಿನಲ್ಲಿ, ಒಂದು ಪುಟ ಇಂಗ್ಲಿಷನ್ನು ಕೈ ನಡುಗದೆ ಬರೆಯಬಲ್ಲವಳು ಅವಳೊಬ್ಬಳೇ. ಮಿಕ್ಕ ನೂರ ಮೂವತ್ತು ಜನ ಅವಳ ಅಕ್ಷರವನ್ನೇ ನಂಬಿಕೊಂಡಿದ್ದರು.

ಯಾಕೆ ಅಂತೀರಾ? ಅಲ್ಲಿನ ಪದ್ಧತಿ ಹಾಗಿತ್ತು. ಹತ್ತು ನಿಮಿಷ ತಡವಾಗಿ ಬಂದರೂ, ಹೇಳದೆ ಒಂದು ದಿನ ರಜಾ ಹಾಕಿದರೂ, ನಾಲ್ಕು ಪೀಸು ಕೆಟ್ಟರೂ ಅಪಾಲಜಿ ಲೆಟರ್ ಬರೆದುಕೊಡಬೇಕು. ಕೊಡುವ ತನಕ ಒಳಗೆ ಬಿಡುವುದಿಲ್ಲ. ಅದೂ ಇಂಗ್ಲಿಷಿನಲ್ಲೇ ಇರಬೇಕು. ಫೈಲು ನೋಡುವ ಹೆಡ್ ಆಫೀಸಿನವರು ಎಲ್ಲೋ ಉತ್ತರದ ಕಡೆ ಇದ್ದಾರಂತೆ, ಅವರಿಗೆ ಕನ್ನಡ ಬಾರದಂತೆ. ಮೆಷಿನ್ ಮುಂದೆ ಕೈ ಸವೆಸುವವನಿಗೆ ಇಂಗ್ಲಿಷ್ ಬಾರದಿದ್ದರೆ ಅದು ಅವನ ಕರ್ಮ, ಫೈಲು ತಿರುವುವವನಿಗೆ ಕನ್ನಡ ಬಾರದಿದ್ದರೆ ಅದು ನಿಯಮ. ಹೋಗಲಿ ಬಿಡಿ, ಆ ಮಾತು ಎತ್ತಿದರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ತಡವಾಗುವುದಕ್ಕೆ ಕಾರಣಗಳೇನು ಕಡಿಮೆಯೇ? ಒಬ್ಬ ಡೈರಿಗೆ ಹಾಲು ಹಾಕಿ ಬರಬೇಕು, ಇನ್ನೊಬ್ಬಳು ಮುದ್ದೆ ತೊಳಸಿಟ್ಟು ಬರಬೇಕು, ಎಲ್ಲ ಮುಗಿಸಿ ಓಡಿ ಬಂದರೆ ರೈಲ್ವೆ ಗೇಟ್ ಹಾಕಿರುತ್ತದೆ. ಬಂದವರು ಸೆಕ್ಯುರಿಟಿ ರೂಮಿನಿಂದ ಪ್ರಮೋದಾಗೆ ಹೇಳಿ ಕಳಿಸುವರು. ಅವಳು ಚೆಕಿಂಗ್ ಟೇಬಲ್ ಮೇಲೆಯೇ ಬರೆದು, "ಲೇಟಾಗಿದ್ದಕ್ಕೆ ಕ್ಷಮಿಸಿ ಅಂತ ಬರ್ದಿದೀನಿ, ಸೈನ್ ಹಾಕಿ" ಎನ್ನುವಳು. ಅವರು ಹಾಕುವರು. ಅವಳು ಯಾರಿಂದಲೂ ಕಾಸು ಮುಟ್ಟಿದವಳಲ್ಲ. ಎಲ್ಲರೂ ಅಕ್ಕ, ಅಕ್ಕ ಎನ್ನುತ್ತಿದ್ದರು, ಆ ಮರ್ಯಾದೆ ಅವಳಿಗೆ ಇಷ್ಟವಾಗಿತ್ತು. ಸುಳ್ಳು ಯಾಕೆ ಹೇಳುವುದು, ಬಹಳ ಇಷ್ಟವಾಗಿತ್ತು.

ತಪ್ಪು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಸಂಸಾರವೇ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಮೊದಲ ವರ್ಷ ಅವಳು ಎಲ್ಲ ಪತ್ರಕ್ಕೂ ಮಿಸ್ಟೇಕ್ ಎಂದು ಬರೆದಳು. "ಸ್ಕೂಲ್ ಮಕ್ಕಳ ಥರ ಇದೆ, ಇನ್ನೊಂಚೂರು ಚೆನ್ನಾಗಿ ಬರೆಸ್ಕೊಂಡ್ ಬನ್ನಿ" ಎಂದು ಆಫೀಸಿನಿಂದ ವಾಪಸ್ ಬಂತು. ಫಾಲ್ಟ್ ಎಂದರೆ ಕರೆಂಟಿನ ಮೀಟರಿಗೆ ಬರುವಂಥದ್ದು ಎಂದು ಅವಳ ಭಾವನೆ. ಕೇರ್‌ಲೆಸ್ ಎಂಬುದು ಮಕ್ಕಳನ್ನು ಬೈಯುವ ಹಾಗೆ ಕೇಳಿಸುತ್ತಿತ್ತು. ಒಂದು ದಿನ ಪೇಪರಿನಲ್ಲಿ ನೆಗ್ಲಿಜೆನ್ಸ್ ಎಂಬ ಪದ ಕಂಡಳು. ಉದ್ದವಾಗಿತ್ತು, ಘನವಾಗಿತ್ತು. 'ನನ್ನ ನೆಗ್ಲಿಜೆನ್ಸಿನಿಂದ ಹೀಗಾಯಿತು' ಎಂದು ಬರೆದ ಮೊದಲ ಪತ್ರ ಒಂದೇ ಸಲಕ್ಕೆ ಪಾಸಾಯಿತು. ಎರಡನೆಯದೂ ಆಯಿತು. ದೊಡ್ಡ ಪದ ಬರೆದಷ್ಟೂ ದೊಡ್ಡವರು ಬೇಗ ಕರಗುತ್ತಾರೆ ಎಂದು ಅವಳು ನಂಬಿಬಿಟ್ಟಳು. ಆಮೇಲೆ ಎಲ್ಲರಿಗೂ ಅದೇ.

ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಮುನೀಂದ್ರನಿಗೆ ಎರಡು ವರ್ಷದಲ್ಲಿ ಅಂಥ ಐದು ಪತ್ರ ಬರೆದುಕೊಟ್ಟಿದ್ದಳು. ಇಪ್ಪತ್ತೇಳರ ಹುಡುಗ, ತಾಯಿಗೆ ಒಬ್ಬನೇ ಮಗ. ಆಷಾಢದಲ್ಲಿ ಒಂದು ಮಧ್ಯಾಹ್ನ ಅವನ ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಹೋದವು. ಕೈ ಒಳಗಿದ್ದರೆ ಮೆಷಿನ್ ತಾನಾಗಿ ನಿಲ್ಲಬೇಕು, ಅದಕ್ಕೊಂದು ಸೆನ್ಸರ್ ಇದೆ. ಆ ಸೆನ್ಸರ್ ಕೆಟ್ಟು ಎಂಟು ದಿನವಾಗಿತ್ತು. ಆರ್ಡರ್ ಅರ್ಜೆಂಟಿದೆ, ಓಡಿಸಿ ಎಂದಿದ್ದರು, ಓಡಿಸುತ್ತಿದ್ದರು. ಆಸ್ಪತ್ರೆಗೆ ಕಾರ್ಖಾನೆಯ ಗಾಡಿಯೇ ಹೋಯಿತು, ಹಣ್ಣು ಹಂಪಲು ಹೋಯಿತು. "ನಿನ್ ಕೆಲಸ ಎಲ್ಲೂ ಹೋಗಲ್ಲ, ಆರಾಮಾಗಿ ಬಾ" ಎಂದರು. ಎರಡು ತಿಂಗಳ ಮೇಲೆ ಅವನು ಕೆಲಸಕ್ಕೆ ಬಂದ ದಿನವೇ ಕೈಗೊಂದು ಲಕೋಟೆ ಕೊಟ್ಟು ಗೇಟಿನಿಂದ ವಾಪಸ್ ಕಳಿಸಿದರು.

ಸಂಜೆ ಮುನೀಂದ್ರ ಫೋನ್ ಮಾಡಿದ. "ಪ್ರಮೋದಕ್ಕ, ಇಂಗ್ಲಿಷಲ್ಲದೆ. ಬಂದ್ ಓದ್ತೀರಾ?"

ಹೋದಳು. ಕೂರುತ್ತಲೇ ಅವನ ತಾಯಿ ಬೈರಮ್ಮ ಕಾಫಿ ತಂದಿಟ್ಟು, ಮಗನ ಪಕ್ಕದಲ್ಲಿ ಕೂತಳು. ಪ್ರಮೋದಾ ಕಾಗದ ಬಿಡಿಸಿದಳು. ಚಾರ್ಜ್ ಶೀಟ್. ಪದೇ ಪದೇ ನೆಗ್ಲಿಜೆನ್ಸ್ ತೋರುವುದು ಈತನ ಅಭ್ಯಾಸ, ಅಪಘಾತಕ್ಕೂ ಅದೇ ಕಾರಣ, ಯಾಕೆ ಕೆಲಸದಿಂದ ತೆಗೆಯಬಾರದು ಎಂದಿತ್ತು. ಆಧಾರ ಏನು ಅಂದರೆ, ಹಿಂದೆ ಲಗತ್ತಿಸಿದ ಐದು ಜೆರಾಕ್ಸ್. ತಿರುಗಿಸಿದಳು. ಅವಳದೇ ದುಂಡನೆಯ ಅಕ್ಷರ. ಕೆಳಗೆ ಅವನ ಸಹಿ, ಐದು ಬೆರಳಿದ್ದಾಗಿನದು.

"ಏನಂತೆ ಕಣವ್ವ?" ಎಂದಳು ಬೈರಮ್ಮ.

ಪ್ರಮೋದಾ ಜೆರಾಕ್ಸುಗಳನ್ನು ಮತ್ತೆ ಹಿಂದಕ್ಕೆ ಮಡಿಸಿದಳು. "ವಿಚಾರಣೆ ಅಂತೆ. ಸರಿಯಾಗಿ ನೋಡಿ ನಾಳೆ ಹೇಳ್ತೀನಿ" ಎಂದು ಕಾಗದದ ಫೋಟೋ ತೆಗೆದುಕೊಂಡು ಎದ್ದಳು. ಕಾಫಿ ಅಲ್ಲೇ ಆರಿತು.

ಮನೆಯಲ್ಲಿ ಮಗಳು ಕೀರ್ತನ ಬಿ.ಕಾಂ. ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೆ ಕಾನೂನಿನದೂ ಒಂದು ಪಾಠವಿತ್ತು. ಪ್ರಮೋದಾ ಸುಮ್ಮನೆ ಕೇಳಿದವಳ ಹಾಗೆ ಕೇಳಿದಳು, ಈ ಪದಗಳಿಗೆಲ್ಲ ಏನು ವ್ಯತ್ಯಾಸ ಅಂತ.

"ಮಿಸ್ಟೇಕ್ ಯಾರ್ ಬೇಕಾದ್ರೂ ಮಾಡ್ತಾರಮ್ಮ, ಗೊತ್ತಿಲ್ದೆ ಆಗೋದು. ಫಾಲ್ಟ್ ಅಂದ್ರೆ ಅದು ಯಾರ ತಲೆ ಮೇಲೆ ಬರತ್ತೆ ಅನ್ನೋದು. ಕೇರ್‌ಲೆಸ್ ಅಂದ್ರೆ ಗಮನ ಎಲ್ಲೋ ಇರೋದು. ನೆಗ್ಲೆಕ್ಟ್ ಅಂದ್ರೆ ನೋಡ್ಕೋಬೇಕಾದ್ದನ್ನ ನೋಡ್ಕೊಳ್ದೆ ಬಿಟ್ಬಿಡೋದು, ಕಟ್ಟಿದ ಹಸುಗೆ ನೀರಿಡ್ದಂಗೆ. ಅದೇ ಕೋರ್ಟಿಗೆ ಹೋದ್ರೆ ನೆಗ್ಲಿಜೆನ್ಸ್. ನಿನ್ ಮೇಲೊಂದು ಜವಾಬ್ದಾರಿ ಇತ್ತು, ನೀನ್ ಮಾಡ್ಲಿಲ್ಲ, ಅದ್ರಿಂದ ಪೆಟ್ಟಾಯ್ತು ಅಂತ."

"ರೈಲ್ವೆ ಗೇಟ್ ಹಾಕಿ ಲೇಟಾದ್ರೆ?"

"ಅದು ಯಾವ್ದೂ ಅಲ್ಲ. ಅದು ಬರೀ ಲೇಟು."

"ಕೆಟ್ಟೋಗಿರೋ ಸೆನ್ಸರ್ ಇಟ್ಕೊಂಡು ಎಂಟು ದಿನ ಪ್ರೆಸ್ ಓಡ್ಸಿದ್ರೆ?"

ಕೀರ್ತನ ಪುಸ್ತಕದಿಂದ ತಲೆ ಎತ್ತಿದಳು. "ಅದೇ ಅದು" ಎಂದಳು.

ಯಾರ ಹೆಸರಿನ ಮುಂದೆ ಬರೆಯಬೇಕಾದ ಪದವನ್ನು ಯಾರ ಹೆಸರಿನ ಮುಂದೆ ಬರೆದುಕೊಂಡು ಬಂದೆನಲ್ಲ ಎಂದು ಪ್ರಮೋದಾಗೆ ತನ್ನ ಮೇಲೆಯೇ ಅಸಹ್ಯವಾಯಿತು. ನಾಳೆ ಹೇಳುತ್ತೇನೆ ಎಂದವಳು ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಮುನೀಂದ್ರನ ಫೋನ್ ಬಂದರೆ ಮೆಷಿನ್ ಸದ್ದು ಎಂದು ನೆಪ ಹೇಳಿ ಇಟ್ಟಳು. ಒಳ್ಳೆಯವಳೇ, ಆದರೆ ಹೆದರಿದ್ದಳು. ಹೆದರಿದ ಒಳ್ಳೆಯವರಿಂದ ಆಗುವ ಅನ್ಯಾಯ ಅಷ್ಟಿಷ್ಟಲ್ಲ.

ಮೂರನೇ ದಿನ ಎಚ್‌ಆರ್ ಭಾನುಪ್ರಕಾಶ್ ಅವಳನ್ನು ಕರೆಸಿ ಕೂರಿಸಿದರು. ಬೈಯುವ ಮನುಷ್ಯನಲ್ಲ, ಮೆತ್ತಗೆ ಮಾತಾಡುವವರು. "ಪ್ರಮೋದಾ ಅವ್ರೆ, ನಿಮಗೆ ಪ್ರಮೋಷನ್ ಕೊಟ್ಟು ಸ್ಟಾಫ್ ಮಾಡ್ಬೇಕು ಅಂತ ಹೆಸರು ಕಳ್ಸಿದೀವಿ. ಮುಂದಿನ ತಿಂಗಳು ಆರ್ಡರ್ ಬರತ್ತೆ. ಶನಿವಾರ ಆ ಹುಡುಗನ ವಿಚಾರಣೆ ಇದೆ. ಜೊತೆಗೆ ಕೆಲಸ ಮಾಡೋರು ಒಬ್ರು ಅವನ ಪರ ಕೂರ್ಬೋದು. ನಿಮ್ಮನ್ನ ಕೇಳ್ಬೋದು. ನೀವು ದೂರ ಇದ್ರೆ ನಿಮಗೇ ಒಳ್ಳೇದು."

"ಆ ಲೆಟರ್‌ಗಳು ನಾನು ಬರ್ದಿದ್ದು ಸರ್."

"ನೀವು ಬರ್ದಿದ್ದು, ಅವನು ಒಪ್ಪಿ ಸೈನ್ ಹಾಕಿದ್ದು. ಓದಿ ಹೇಳಿರ್ತೀರಲ್ಲ ನೀವು? ಹೇಳಿಲ್ಲ ಅಂದ್ರೆ ಅದು ನಿಮ್ಮ ತಲೆಗೇ ಬರತ್ತೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳೋದು."

ಅಲ್ಲಿಗೆ ವಿಷಯ ತಿಳಿಯಾಯಿತು. ಓದಿ ಹೇಳಿದ್ದೆ ಎಂದರೆ ಮುನೀಂದ್ರನ ಕೆಲಸ ಹೋಗುತ್ತದೆ. ಹೇಳಿರಲಿಲ್ಲ ಎಂದರೆ ಅವಳ ಕುತ್ತಿಗೆಗೆ ಬರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೂ ಓದಿ ಹೇಳಿದ್ದೆ ಎಂದ ಹಾಗೆಯೇ ಲೆಕ್ಕ. ಎರಡು ಬೆರಳಿಲ್ಲದ ಪ್ರೆಸ್ ಆಪರೇಟರನಿಗೆ ಇನ್ನು ಯಾವ ಗೇಟಿನಲ್ಲಿ ಕೆಲಸ ಸಿಗುತ್ತದೆ?

ಅಂದು ಸಂಜೆ ಶಿಫ್ಟ್ ಬಿಟ್ಟವಳು ನೇರ ಅವನ ಮನೆಗೆ ಹೋದಳು. ಆ ಪದದ ಅರ್ಥ, ಅದನ್ನು ಬರೆದದ್ದು ತಾನೇ ಎಂಬುದು, ಎಲ್ಲವನ್ನೂ ನಿಂತುಕೊಂಡೇ ಹೇಳಿದಳು. ಹೇಳುವಾಗ ಅವಳ ದನಿ ಅವಳಿಗೇ ಬೇರೆಯವರದು ಅನ್ನಿಸಿತು.

ಮುನೀಂದ್ರ ಲಕೋಟೆಯಿಂದ ಜೆರಾಕ್ಸುಗಳನ್ನು ತೆಗೆದು ತನ್ನ ಸಹಿಗಳನ್ನು ಒಂದೊಂದಾಗಿ ನೋಡಿದ. "ಅಂದ್ರೆ, ಐದ್ ಸಲಾನೂ ನಾನೇ ಒಪ್ಕೊಂಡಂಗಾಯ್ತಾ ಅಕ್ಕ?"

"ಹೂಂ."

"ನಿಮಗೂ ಗೊತ್ತಿರ್ಲಿಲ್ಲ ಅಲ್ವಾ?"

"ಗೊತ್ತಿರ್ಲಿಲ್ಲ. ಆದ್ರೆ ಗೊತ್ತಿದೆ ಅಂತ ನೀವೆಲ್ಲ ಅನ್ಕೊಂಡಿದ್ರಿ. ನಾನು ಹಂಗೇ ಇರ್ಲಿ ಅಂತ ಬಿಟ್ಟೆ."

ಬೈರಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. "ಬರ್ಕೊಟ್ಟೋಳೂ ನೀನೇ, ಓದ್ಹೇಳಕ್ಕೆ ಬಂದೋಳೂ ನೀನೇ. ಮೂರು ದಿನ ಎಲ್ಲೋಗಿದ್ಯವ್ವ?" ಎಂದಳು. "ಶನಿವಾರ ಇವನ ಪರ ನಾನೇ ಕೂರ್ತೀನಿ" ಎಂದಳು ಪ್ರಮೋದಾ.

ಶನಿವಾರ ಮೀಟಿಂಗ್ ರೂಮಿನಲ್ಲಿ ವಿಚಾರಣೆ. ವಿಚಾರಣೆ ಮಾಡಲು ನೆಲಮಂಗಲದ ಒಬ್ಬ ವಯಸ್ಸಾದ ವಕೀಲರನ್ನು ಕರೆಸಿದ್ದರು. ಮುನೀಂದ್ರ, ಅವನ ಪಕ್ಕ ಪ್ರಮೋದಾ, ಎದುರಿಗೆ ಭಾನುಪ್ರಕಾಶ್. ವಕೀಲರು ಐದೂ ಪತ್ರಗಳನ್ನು ಸಾಲಾಗಿ ಹಾಸಿ, "ಇದು ಯಾರ ಅಕ್ಷರಾನಮ್ಮ?" ಎಂದರು.

"ನಂದು ಸರ್."

"ಇದ್ರಲ್ಲಿ ನೆಗ್ಲಿಜೆನ್ಸ್ ಅಂತಿದೆ. ಇದು ಇವನು ಹೇಳಿದ ಮಾತಾ?"

"ಅಲ್ಲ ಸರ್. ಅವನು ಹೇಳಿದ್ದು ಹಾಲು ಹಾಕಿ ಬರೋಷ್ಟ್ರಲ್ಲಿ ಲೇಟಾಯ್ತು ಅಂತ. ಇನ್ನೊಂದ್ಸಲ ಗೇಟ್ ಹಾಕಿತ್ತು ಅಂತ."

"ಬರೆದ ಮೇಲೆ ಇವನಿಗೆ ಓದಿ ಹೇಳಿದ್ರಾ?"

ಭಾನುಪ್ರಕಾಶ್ ಪೆನ್ನಿನ ಕ್ಯಾಪ್ ಮುಚ್ಚಿ ಅವಳ ಕಡೆ ನೋಡಿದರು. ಸ್ಟಾಫ್ ಆದರೆ ಕೀರ್ತನಳ ಎಂ.ಕಾಂ. ಸಲೀಸಾಗುತ್ತದೆ ಎಂದು ಗಂಡನ ಹತ್ತಿರ ಲೆಕ್ಕ ಹಾಕಿದ್ದು ಅವಳ ತಲೆಯೊಳಗೆ ಹಾದುಹೋಯಿತು. ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ನುಂಗಲು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ಅವಳಿಗೇ ಗೊತ್ತು.

"ಇಲ್ಲ ಸರ್. ಲೇಟಾಗಿದ್ದಕ್ಕೆ ಕ್ಷಮಿಸಿ ಅಂತ ಬರ್ದಿದೀನಿ ಅಂತ ಹೇಳ್ದೆ, ಅಷ್ಟೇ. ನಾನೂ ಅದೇ ಬರ್ದಿದೀನಿ ಅಂತ್ಲೇ ಅನ್ಕೊಂಡಿದ್ದೆ. ಇವನೊಬ್ಬನಿಗಲ್ಲ ಸರ್, ಈ ಫ್ಯಾಕ್ಟರಿಲಿ ಎಲ್ಲರಿಗೂ ನಾನು ಇದೇ ಪದ ಬರ್ದಿರೋದು. ಎಲ್ಲಾ ಫೈಲೂ ತೆಗ್ಸಿ ನೋಡಿ. ನೂರಕ್ಕೆ ನೂರು ಜನಕ್ಕೂ ಇದೇ ಅಭ್ಯಾಸ ಇದೆ ಅನ್ನೋ ಹಾಗಿದ್ರೆ ಇವನ ಕೆಲಸ ತೆಗೀರಿ. ಆ ಪ್ರೆಸ್ಸಿನ ಸೆನ್ಸರ್ ಎಂಟು ದಿನದಿಂದ ಕೆಟ್ಟಿತ್ತು, ಅದನ್ನೂ ಬರ್ಕೊಳಿ."

ವಕೀಲರು ಎಲ್ಲವನ್ನೂ ಬರೆದುಕೊಂಡರು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಂಡರು.

ಹತ್ತು ದಿನಕ್ಕೆ ಆರ್ಡರ್ ಬಂತು. ಆರೋಪ ಸಾಬೀತಾಗಿಲ್ಲ, ಮುನೀಂದ್ರನನ್ನು ಪ್ಯಾಕಿಂಗಿಗೆ ತೆಗೆದುಕೊಳ್ಳುವುದು ಎಂದಿತ್ತು. ಸೆನ್ಸರಿನ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಸ್ಟಾಫ್ ಜಾಗಕ್ಕೆ ದೇವನಹಳ್ಳಿಯ ಕಡೆಯ ಯಾರೋ ಹೊಸಬರು ಬಂದರು. ಪ್ರಮೋದಾಗೆ ಮೆಮೋ ಕೊಡುತ್ತಾರೆ ಎಂದು ಸುದ್ದಿ ಹಬ್ಬಿತು, ಕೊಡಲಿಲ್ಲ. ಕೊಟ್ಟರೆ ನೂರು ಫೈಲಿನ ಮಾತು ಮತ್ತೆ ಏಳುತ್ತದಲ್ಲ.

ಮುನೀಂದ್ರ ಕೆಲಸಕ್ಕೆ ಬಂದ ದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವಳ ಟೇಬಲ್ ಸುತ್ತ ಜನ ಸೇರಿದರು. ಶಾಭಾಸ್ ಎನ್ನುತ್ತಾರೇನೋ ಎಂದು ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಅವರು ಬಂದದ್ದು ಅದಕ್ಕಲ್ಲ.

"ನಂದ್ರಲ್ಲೂ ಅದೇ ಬರ್ದಿದೀರಾ ಅಕ್ಕ?" ಎಂದ ಟೂಲ್ ರೂಮಿನ ವಿಜಯ್.

"ಹೌದಪ್ಪ."

"ಎಷ್ಟ್ರಲ್ಲಿ?"

"ಎಲ್ಲಾದ್ರಲ್ಲೂ."

ಹೀಗೆ ಒಬ್ಬೊಬ್ಬರೇ ಕೇಳಿದರು, ಒಬ್ಬೊಬ್ಬರಿಗೇ ಹೌದು ಎಂದಳು. ಕೆಲವರು ಡಬ್ಬಿ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರು, ಕೆಲವರು ಗೊಣಗಿಕೊಂಡು ಹೋದರು. ಕೊನೆಗೆ ಪ್ಯಾಕಿಂಗಿನ ವರಲಕ್ಷ್ಮಮ್ಮ ಉಳಿದಳು. ಹನ್ನೊಂದು ವರ್ಷದ ಸರ್ವಿಸಿನವಳು, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಪ್ರಮೋದಾ, ಹೋದ್ವರ್ಷ ನಮ್ಮವ್ವ ತೀರ್ಕೊಂಡಾಗ ಹೇಳ್ದೆ ಮೂರು ದಿನ ಬರ್ಲಿಲ್ವಲ್ಲ ನಾನು. ಅದಕ್ಕೂ ಬರ್ಕೊಟ್ಟಿದ್ದೆ ನೀನು."

"ಹೂಂ ವರಲಕ್ಷ್ಮಮ್ಮ."

"ಅದ್ರಲ್ಲೂ ಅದೇನಾ?"

ಪ್ರಮೋದಾ ತಲೆ ತಗ್ಗಿಸಿದಳು. "ಅದ್ರಲ್ಲೂ ಅದೇ."

ವರಲಕ್ಷ್ಮಮ್ಮ ತುಟಿಯೊಳಗೇ ಏನೋ ಹೇಳಿಕೊಂಡಳು, ಬೆಳಿಗ್ಗೆ ಪ್ಯಾಕಿಂಗಿನಲ್ಲಿ ಮುನೀಂದ್ರ ಹೇಳಿದ್ದ ಆ ಪದದ ಅರ್ಥ ಒಪ್ಪಿಸಿಕೊಳ್ಳುವ ಹಾಗೆ.

"ನೋಡ್ಕೋಬೇಕಾಗಿತ್ತು, ನೋಡ್ಕೊಳ್ಲಿಲ್ಲ ಅಂತ ತಾನೆ ಅದರ ಅರ್ಥ?" ಎಂದಳು. "ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ಲು ಕಣೆ ನಮ್ಮವ್ವ. ಶಿಫ್ಟ್ ಮುಗಿಸ್ಕೊಂಡೋಗಿ ಮೈ ತೊಳ್ಸಿದೀನಿ, ಬಾಯಿಗೆ ಗಂಜಿ ಹಾಕಿದೀನಿ. ನಾನು ನೋಡ್ಕೊಳ್ಲಿಲ್ಲ ಅಂತ ನನ್ ಕೈಲೇ ಸೈನ್ ಹಾಕಿಸ್ಬಿಟ್ಯಾ?"

ಪ್ರಮೋದಾ ಎದ್ದು ಅವಳ ಕೈ ಹಿಡಿದುಕೊಳ್ಳಲು ಹೋದಳು. ವರಲಕ್ಷ್ಮಮ್ಮ ಕೈ ಕೊಡಲಿಲ್ಲ. ಡಬ್ಬಿ ಹಿಡಿದುಕೊಂಡೇ ಪ್ಯಾಕಿಂಗ್ ಕಡೆಗೆ ನಡೆದಳು, ಊಟ ಮಾಡಿರಲಿಲ್ಲ.